ಸದ್ದು ಆರಿಸಿ ಕೇಳಿದ ಪಾಠ

ಹತ್ತನೇ ತರಗತಿಯ ಸಮಾಜ ವಿಜ್ಞಾನದಲ್ಲಿ ಹತ್ತಿ ಬಟ್ಟೆ ಗಿರಣಿಗಳ ಪಾಠ ಬಂದಾಗಲೆಲ್ಲ ನನಗೆ ಒಂದು ಬಗೆಯ ಕಿರಿಕಿರಿ. ಗಿರಣಿ ಒಂದು ಊರಿನಲ್ಲಿ ನೆಲೆ ನಿಲ್ಲಲು ಕಾರಣಗಳೇನು ಎಂದರೆ ಸಾಕು, ಮಕ್ಕಳು ಕಚ್ಚಾವಸ್ತು, ವಿದ್ಯುತ್, ಸಾರಿಗೆ, ಕೂಲಿಕಾರರು, ಮಾರುಕಟ್ಟೆ ಎಂದು ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸುತ್ತಾರೆ. ಅಂಕವೂ ಬರುತ್ತದೆ. ಆ ವರ್ಷ ಸುಮ್ಮನಿರಲಾರದೆ, "ಸರಿ, ಗಿರಣಿಯ ಒಳಗೆ ಹೇಗಿರುತ್ತೆ?" ಎಂದು ಕೇಳಿಬಿಟ್ಟೆ. ಕೊನೆಗೆ ಒಬ್ಬ ಧೈರ್ಯ ಮಾಡಿ, "ರೈಸ್ ಮಿಲ್ ತರ ಇರ್ತದೆ ಮಿಸ್" ಅಂದ.

ನಮ್ಮ ಶಾಲೆ ಇರುವುದು ಹನೂರು ತಾಲ್ಲೂಕಿನಲ್ಲಿ, ಹೂಗ್ಯಂ ಕಡೆಗೆ, ಕಾಡಿನ ಅಂಚಿನಲ್ಲಿ. ಆ ತರಗತಿಯ ಅರ್ಧ ಮಕ್ಕಳ ಮನೆಯಿಂದ ಯಾರಾದರೊಬ್ಬರು ಗಡಿಯಾಚೆ ತಮಿಳುನಾಡಿನ ನೂಲಿನ ಗಿರಣಿಗಳಿಗೆ ದುಡಿಯಲು ಹೋದವರೇ. ಅಲ್ಲಿಂದ ಬಂದ ದುಡಿಮೆಯಲ್ಲಿ ಈ ಮಕ್ಕಳ ಚೀಲ, ಚಪ್ಪಲಿ, ಊಟ. ಆದರೂ ಅವರಿಗೆ ಗಿರಣಿ ಎಂದರೆ ರೈಸ್ ಮಿಲ್ಲು. ಮಕ್ಕಳನ್ನು ಆಡಿಕೊಳ್ಳುವ ಹಕ್ಕು ನನಗೂ ಇರಲಿಲ್ಲ. ನಾನು ಯಳಂದೂರಿನ ಮಾಂಬಳ್ಳಿಯವಳು. ರೇಷ್ಮೆ ಗೂಡು ಬೇಯುವ ವಾಸನೆ ಗೊತ್ತು, ಮಗ್ಗದ ಲಾಳಿ ಓಡುವ ಸದ್ದು ಗೊತ್ತು. ಹತ್ತಿ ಗಿರಣಿಯ ಹೊಸ್ತಿಲನ್ನು ನಾನೂ ದಾಟಿರಲಿಲ್ಲ.

ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸೋಣ ಎಂದರೆ ರಾಜ್ಯ ದಾಟಬೇಕು, ಕಾಡು ರಸ್ತೆ, ಒಪ್ಪಿಗೆಯ ರಗಳೆ. "ಆಗೋ ಹೋಗೋ ಮಾತಾಡಿ ಮೇಡಂ" ಎಂದರು ನಮ್ಮ ಹೆಡ್ ಮೇಷ್ಟ್ರು. ಆಗುವ ಮಾತು ಎಂದರೆ ವಿಡಿಯೊ ಕಾಲ್. ಶಾಲೆಗೆ ಸ್ಮಾರ್ಟ್ ಕ್ಲಾಸ್ ಎಂದು ಕೊಟ್ಟ ಪ್ರೊಜೆಕ್ಟರ್ ಮತ್ತು ಲ್ಯಾಪ್‌ಟಾಪ್ ಬೀರುವಿನಲ್ಲಿ ಬೆಚ್ಚಗೆ ಮಲಗಿದ್ದವು. ಗಿರಣಿಯನ್ನು ಹುಡುಕುವ ಕಷ್ಟವೂ ಬರಲಿಲ್ಲ. ಪೋಷಕರ ಸಭೆಯಲ್ಲಿ ನಾನು ವಿಷಯ ಎತ್ತಿದ ಕೂಡಲೇ ಹಿಂದಿನಿಂದ ಒಬ್ಬರು ಕೈ ಎತ್ತಿದರು. ಹತ್ತನೇ ತರಗತಿಯ ಒಬ್ಬ ಹುಡುಗಿಯ ಸೋದರಮಾವ. ಬಹಳ ವರ್ಷ ಗಿರಣಿಯಲ್ಲಿ ದುಡಿದು, ಈಗ ಊರಿಗೆ ಬಂದು ಜೋಳ, ರಾಗಿ ಮಾಡಿಕೊಂಡಿದ್ದವರು. "ನಮ್ ಮಿಲ್ಲೇ ತೋರಿಸ್ತೀನಿ ಮಿಸ್. ನಮ್ಮಕ್ಕ ಇನ್ನೂ ಅಲ್ಲೇ ಅವ್ಳೆ. ಸೂಪರ್‌ವೈಸರು ನಮ್ಮ ದೋಸ್ತಿ, ಕನ್ನಡನೂ ಬತ್ತದೆ" ಎಂದರು. ತಾನೇ ಬಂದು ತಮಿಳನ್ನು ಬಿಡಿಸಿ ಹೇಳುವುದಾಗಿಯೂ ಒಪ್ಪಿಕೊಂಡರು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಮಾರನೆಯ ದಿನ ಊಟದ ಹೊತ್ತಿಗೆ ಆ ಹುಡುಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. ಮಾತು ಕಡಿಮೆ, ಬುದ್ಧಿ ಚುರುಕು. ಹಿಂದಿನ ವರ್ಷದವರೆಗೂ ಮೊದಲ ಬೆಂಚು, ಈ ವರ್ಷ ತಾನಾಗಿಯೇ ಕೊನೆಯ ಬೆಂಚಿಗೆ ಹೋಗಿದ್ದಳು. ಕಿರುಪರೀಕ್ಷೆಯಲ್ಲಿ ಅರ್ಧ ಹಾಳೆ ಖಾಲಿ ಬಿಟ್ಟು ಬಂದಾಗ ನಾನು ಗದರಿದ್ದೂ ಉಂಟು.

"ಮಿಸ್, ಆ ಮಿಲ್ ಬ್ಯಾಡ ಮಿಸ್. ಬೇರೆ ತೋರ್ಸಿ."

"ಯಾಕಮ್ಮಾ? ನಿಮ್ಮವ್ವನ ಮಿಲ್ಲು. ನಿಮ್ಮವ್ವನ್ನೂ ನೋಡಬಹುದು."

ಅವಳು ಬಾಗಿಲ ಚಿಲಕವನ್ನು ಹಿಂದಕ್ಕೂ ಮುಂದಕ್ಕೂ ಆಡಿಸುತ್ತ ನಿಂತಳು. ಆಮೇಲೆ ಒಂದೊಂದೇ ಮಾತು ಬಂತು. ತಂದೆ ತೀರಿಕೊಂಡ ಮೇಲೆ ತಾಯಿ ಮಗಳನ್ನು ಕರೆದುಕೊಂಡು ಗಿರಣಿ ಕೆಲಸಗಾರರ ಲೈನ್ ಮನೆಗೆ ಹೋದದ್ದು, ಹೈಸ್ಕೂಲಿಗೆ ಕನ್ನಡದಲ್ಲೇ ಓದಲಿ ಎಂದು ಮಗಳನ್ನು ಅಜ್ಜಿಯ ಮನೆಗೆ ಬಿಟ್ಟದ್ದು. ಇಲ್ಲಿಯವರೆಗೂ ನನಗೆ ಗೊತ್ತಿತ್ತು. ಗೊತ್ತಿಲ್ಲದ್ದು ಮುಂದಿನದು. ಹತ್ತು ಮುಗಿದ ಕೂಡಲೇ ಇವಳನ್ನೂ ಅದೇ ಗಿರಣಿಗೆ ಸೇರಿಸುವುದೆಂದು ಮಾವ ನಿಶ್ಚಯ ಮಾಡಿದ್ದರು. ಇವಳಿಗೆ ಕೊಳ್ಳೇಗಾಲದಲ್ಲಿ ಪಿಯುಸಿ ಓದುವ ಆಸೆ.

"ನಿಮ್ಮವ್ವನ್ನ ಕೇಳಿದ್ಯಾ?"

"ಕೇಳ್ದೆ ಮಿಸ್, ಫೋನಲ್ಲಿ. ಮಾವ ಮಿಲ್ಲಿಗ್ ಕಳುಸ್ತೀನಿ ಅಂತವ್ನೆ, ಓಗ್ಲಾ ಅವ್ವ ಅಂದೆ. ಊ ಅಂದ್ಳು."

"ಅಷ್ಟೇನಾ?"

"ಅಷ್ಟೇ. ಇನ್ನೊಂದಪ ಕೇಳ್ದೆ. ಆಗ್ಲೂ ಊ ಅಂದ್ಳು. ಅದ್ಕೇ ನಾ ಈಗ ಫೋನ್ ಬಂದ್ರೂ ಅಜ್ಜಿಗೇ ಕೊಟ್ಬುಡ್ತೀನಿ."

ಅವಳ ಕಣ್ಣಲ್ಲಿ ನೀರು ಇರಲಿಲ್ಲ. ಓದಿದರೂ ಓದದಿದ್ದರೂ ಕೊನೆಗೆ ಮಿಲ್ಲೇ ಎಂದು ತೀರ್ಮಾನವಾದ ಮೇಲೆ ಈ ಹುಡುಗಿ ಉತ್ತರ ಪತ್ರಿಕೆ ತುಂಬಿಸಿ ಏನು ಮಾಡಬೇಕಿತ್ತು? ಕಾರ್ಯಕ್ರಮವನ್ನು ಬಿಟ್ಟುಬಿಡೋಣವೇ ಎಂದೂ ಅನ್ನಿಸಿತು. ಆದರೆ ಮಾವನನ್ನು ಎದುರು ಹಾಕಿಕೊಂಡರೆ ಹುಡುಗಿಯ ದಾರಿ ಇನ್ನೂ ಬೇಗ ಮುಚ್ಚುತ್ತದೆ. ಗಿರಣಿ ನೋಡಲಿ, ತಾಯಿಯೂ ಸಿಗಲಿ, ಸಮಯ ನೋಡಿ ನಾನೇ ಒಂದು ಮಾತು ಕೇಳೋಣ ಎಂದುಕೊಂಡೆ. ಅವಳಿಗೆ, "ನೀನು ಹಿಂದೇನೇ ಕೂತಿರು, ಮುಂದೆ ಬಾ ಅಂತ ನಾನು ಕರೆಯೋದಿಲ್ಲ" ಎಂದು ಮಾತು ಕೊಟ್ಟೆ.

ಇನ್ನು ಸಿಗ್ನಲ್ಲಿನ ಪಾಡು. ನಮ್ಮ ಶಾಲೆಯಲ್ಲಿ ಫೋನು ಮಾತಾಡಬೇಕಾದರೆ ಅಡುಗೆ ಕೋಣೆಯ ಹಿಂದಿನ ನೀರಿನ ಟ್ಯಾಂಕಿನ ಕಟ್ಟೆ ಹತ್ತಬೇಕು. ಅಲ್ಲಿ ಒಂದು ಫೋನಿಟ್ಟು, ಅದರ ಹಾಟ್‌ಸ್ಪಾಟನ್ನು ತರಗತಿಯ ಲ್ಯಾಪ್‌ಟಾಪಿಗೆ ಹಿಡಿಸುವುದು ನಮ್ಮ ಯೋಜನೆ. ಕಟ್ಟೆಯ ಮೇಲೆ ಕೋತಿಗಳ ಕಾಟ. ಹಿಂದೆ ಒಬ್ಬ ಮೇಷ್ಟ್ರ ಕನ್ನಡಕ ಮರ ಹತ್ತಿದ್ದು ಇನ್ನೂ ಇಳಿದಿಲ್ಲ. ಹಾಗಾಗಿ ನಾನು ಬಹಳ ಜಾಣತನದಿಂದ ಫೋನನ್ನು ನನ್ನ ಸ್ಟೀಲಿನ ಊಟದ ಡಬ್ಬಿಯಲ್ಲಿಟ್ಟು, ಮುಚ್ಚಳ ಬಿಗಿದು, ಮೇಲೊಂದು ಇಟ್ಟಿಗೆ ಹೇರಿ ಬಂದೆ. ಲ್ಯಾಪ್‌ಟಾಪಿನಲ್ಲಿ ಏನೂ ಬರಲಿಲ್ಲ. ಕೇಬಲ್ಲು ಬದಲಾಯಿಸಿದೆವು, ಲ್ಯಾಪ್‌ಟಾಪನ್ನು ಆರಿಸಿ ಹಚ್ಚಿದೆವು, ಕಂಪನಿಯವರನ್ನು ಬೈದೆವು. ಕೊನೆಗೆ ಗಣಿತದ ಮೇಷ್ಟ್ರು, "ಫೋನ್ ಎಲ್ಲಿಟ್ಟಿದ್ದೀರಿ?" ಎಂದು ಕೇಳಿದರು. ಹೇಳಿದೆ. ಅವರು ಕುರ್ಚಿಯ ಮೇಲೆ ಕೂತು ಹೊಟ್ಟೆ ಹಿಡಿದು ನಕ್ಕರು. "ಕಬ್ಬಿಣದ ಪೆಟ್ಟಿಗೇಲಿ ಸಿಗ್ನಲ್ ಹುಡುಕ್ತೀರಲ್ಲ ಮೇಡಂ, ಪಕ್ಕದ ರೂಮಲ್ಲೇ ವಿಜ್ಞಾನದ ಮೇಷ್ಟ್ರಿದಾರೆ, ಕೇಳಬಾರದಾ?" ಆಮೇಲೆ ಫೋನು ಪ್ಲಾಸ್ಟಿಕ್ ಡಬ್ಬಿಗೆ ಬಂತು. ಕೋತಿ ಕಾಯಲು ಅಡುಗೆಯಮ್ಮ ಕೋಲು ಹಿಡಿದು ಕೂರಲು ಒಪ್ಪಿದರು.

ಕಾಲ್ ಮಾಡುವ ದಿನ ಕಿಟಕಿಗಳಿಗೆ ಜಮಖಾನ ಕಟ್ಟಿ ಕೋಣೆಯನ್ನು ಕತ್ತಲು ಮಾಡಿದೆವು. ಮಾವ ಇಸ್ತ್ರಿ ಅಂಗಿ ಹಾಕಿಕೊಂಡು ಬಂದು ಮುಂದಿನ ಕುರ್ಚಿಯಲ್ಲಿ ಕೂತರು. ಹುಡುಗಿ ಕೊನೆಯ ಬೆಂಚಿನ ಗೋಡೆ ಬದಿಗೆ ಸರಿದಿದ್ದಳು. ಗೋಡೆಯ ಮೇಲೆ ಸೂಪರ್‌ವೈಸರ್ ಮುಖ ಮೂಡಿದಾಗ ಮಕ್ಕಳು ಹೋ ಎಂದು ಚಪ್ಪಾಳೆ ಹೊಡೆದರು. ಆತ ಮ್ಯಾನೇಜರರ ಒಪ್ಪಿಗೆ ಪಡೆದು ತನ್ನ ಫೋನನ್ನೇ ಒಳಗೆ ತಂದಿದ್ದರು.

ಮೊದಲು ಹತ್ತಿಯ ಮೂಟೆ ಒಡೆಯುವ ಕೋಣೆ. ಆಮೇಲೆ ಹತ್ತಿಯನ್ನು ಬಾಚಿ ಹಗ್ಗದ ದಪ್ಪಕ್ಕೆ ಎಳೆಯುವ ಯಂತ್ರ. ಆ ಬಿಳಿ ಹಗ್ಗ ಡಬ್ಬಗಳ ಒಳಗೆ ಸುತ್ತಿ ಸುತ್ತಿ ಇಳಿಯುವುದನ್ನು ನೋಡಿ ಮುಂದಿನ ಸಾಲಿನವನೊಬ್ಬ, "ಶ್ಯಾವಿಗೆ ಕಣ್ಲಾ!" ಎಂದ. ಕೊನೆಗೆ ರಿಂಗ್ ಫ್ರೇಮ್ ಎಂಬ ನೂಲುವ ಯಂತ್ರಗಳ ದೊಡ್ಡ ಹಾಲು. ಬಾಗಿಲು ತೆಗೆದ ಕೂಡಲೇ ನಮ್ಮ ಸ್ಪೀಕರಿನಿಂದ ಬಂದದ್ದು ಸದ್ದೊಂದೇ. ಸೂಪರ್‌ವೈಸರ್ ಬಾಯಿ ಆಡುತ್ತಿತ್ತು, ಮಾತು ಯಾವುದೂ ಬರುತ್ತಿರಲಿಲ್ಲ. ಮಕ್ಕಳು ಕಿವಿ ಮುಚ್ಚಿಕೊಂಡರು.

ಮಾವ ಎದ್ದು ನಿಂತು ವಿವರಿಸಿದರು. "ಒಳಗೆ ಬಾಯ್ಗೆ ಕೆಲ್ಸ ಇಲ್ಲ ಕಣ್ರಪ್ಪ. ಎಲ್ಲಾ ಕೈಯಲ್ಲೇ." ಎರಡು ಬೆರಳನ್ನು ಉಜ್ಜಿ ತೋರಿಸಿದರೆ ಎಳೆ ಕಡಿದಿದೆ, ನೋಡು ಎಂದು. ಮಣಿಕಟ್ಟು ತಟ್ಟಿದರೆ ಪಾಳಿ ಮುಗಿಯಿತು. ಮೀಸೆ ತಿರುವಿದರೆ ಮೇಸ್ತ್ರಿ ಬರುತ್ತಿದ್ದಾನೆ, ಹುಷಾರು. ಅದನ್ನು ಕೇಳಿದ್ದೇ ತಡ, ಹುಡುಗರೆಲ್ಲ ಹೆಡ್ ಮೇಷ್ಟ್ರ ಕಡೆ ತಿರುಗಿ ಇಲ್ಲದ ಮೀಸೆ ತಿರುವಿದರು. ಹೆಡ್ ಮೇಷ್ಟ್ರು ಕಾಣದವರ ಹಾಗೆ ಛಾವಣಿ ನೋಡಿದರು.

ಯಂತ್ರಗಳ ನಡುವಿನ ಓಣಿಯಲ್ಲಿ ತಲೆಗೆ ಟೋಪಿ ಹಾಕಿದ ಒಬ್ಬ ಹೆಂಗಸು ಕಡಿದ ಎಳೆಗಳನ್ನು ಕೂಡಿಸುತ್ತ ನಡೆಯುತ್ತಿದ್ದಳು. ಬೆರಳು ಮುಟ್ಟಿದ್ದೂ ಎಳೆ ಕೂಡಿದ್ದೂ ಒಟ್ಟಿಗೇ ಆಗುತ್ತಿತ್ತು. "ಅದೇ ನಮ್ಮಕ್ಕ" ಎಂದರು ಮಾವ. ನಾನು ಹಿಂದಿನ ಬೆಂಚಿನ ಕಡೆ ನೋಡಲಿಲ್ಲ. ಮಾತು ಕೊಟ್ಟಿದ್ದೆನಲ್ಲ.

ಸೂಪರ್‌ವೈಸರ್ ಆ ತಾಯಿಯ ಭುಜ ತಟ್ಟಿ ಕರೆದುಕೊಂಡು ಹೊರಗಿನ ಪಡಸಾಲೆಗೆ ಬಂದರು. ಗಾಜಿನ ಬಾಗಿಲು ಮುಚ್ಚಿದ ಮೇಲೆ ಸದ್ದು ಸಾಕಷ್ಟು ಇಳಿಯಿತು. ಆದರೆ ಅಷ್ಟರಲ್ಲಿ ನಮ್ಮ ಸಿಗ್ನಲ್ಲು ತನ್ನ ಗುಣ ತೋರಿಸಿತು. ಚಿತ್ರ ನಿಲ್ಲುವುದು, ಒಮ್ಮೆಲೇ ಜಿಗಿಯುವುದು. ಹೆಡ್ ಮೇಷ್ಟ್ರು ಮೈಕ್ ಹತ್ತಿರ ಬಾಗಿ ಕೇಳಿದರು: "ನಮಸ್ಕಾರ ಅಮ್ಮ. ಚೆನ್ನಾಗಿದ್ದೀರಾ?"

"ಊ" ಎಂದು ಆಕೆ ನಕ್ಕರು.

"ಎಷ್ಟು ವರ್ಷದಿಂದ ಕೆಲಸ ಮಾಡ್ತಾ ಇದ್ದೀರಿ?"

"ಊ."

ಮಕ್ಕಳಲ್ಲಿ ಯಾರೋ ಕಿಸಕ್ಕೆಂದರು. ಹೆಡ್ ಮೇಷ್ಟ್ರು ಮತ್ತೆ ಬಿಡಿಸಿ ಕೇಳಿದರು: "ಯಾವ ಊರಮ್ಮ ನಿಮ್ಮದು?" ಆಕೆ ಮತ್ತೆ ನಗುತ್ತ "ಊ" ಎಂದರು. ಈಗ ಇಡೀ ತರಗತಿ ನಕ್ಕಿತು. ಆಕೆಯ ಕಣ್ಣು ಮಾತ್ರ ನಗುತ್ತಿರಲಿಲ್ಲ. ಸೂಪರ್‌ವೈಸರ್ ಕೈಯಿಂದ ಫೋನು ಇಸಿದುಕೊಂಡು ಮುಖದ ಹತ್ತಿರಕ್ಕೆ ತಂದು, ಹೆಡ್ ಮೇಷ್ಟ್ರ ತುಟಿಯನ್ನೇ ಹುಡುಕುತ್ತಿದ್ದರು. ಆ ಕಡೆಗೂ ನಮ್ಮ ಚಿತ್ರ ನಿಂತು ನಿಂತು ಹೋಗುತ್ತಿತ್ತು ಅಂತ ಕಾಣುತ್ತದೆ.

ಸ್ಟಾಫ್ ರೂಮಿನ ಬಾಗಿಲಲ್ಲಿ ಆ ಹುಡುಗಿ ಹೇಳಿದ ಊ ಇದೇ.

"ಮೇಡಂ, ವಿಡಿಯೊ ಆಫ್ ಮಾಡಿಬಿಡಿ" ಎಂದರು ಹೆಡ್ ಮೇಷ್ಟ್ರು. "ಮಾತಾದ್ರೂ ಸರಿಯಾಗಿ ಕೇಳಿಸ್ಲಿ." ಗಣಿತದ ಮೇಷ್ಟ್ರೂ ಹೌದೆಂದರು. ಸಿಗ್ನಲ್ ಕಡಿಮೆ ಇದ್ದಾಗ ಎಲ್ಲರೂ ಮಾಡುವುದು ಅದನ್ನೇ. ಸರಿಯಾದ ಕ್ರಮವೂ ಅದೇ. ನಾನು ಲ್ಯಾಪ್‌ಟಾಪಿನ ಮುಂದೆ ಹೋಗಿ ಮೈಕ್ ಆರಿಸಿದೆ. ಸ್ಪೀಕರಿನ ತಂತಿಯನ್ನೂ ಕಿತ್ತೆ. ಚಿತ್ರವನ್ನು ಹಾಗೆಯೇ ಬಿಟ್ಟೆ.

"ಅಯ್ಯೋ, ಏನ್ ಮಾಡಿದ್ರಿ?" ಎಂದರು ಹೆಡ್ ಮೇಷ್ಟ್ರು.

"ಒಂದು ನಿಮಿಷ ಸರ್" ಎಂದೆ. ಕೊಟ್ಟ ಮಾತು ಮುರಿದು ಅವಳನ್ನು ಹೆಸರು ಹಿಡಿದು ಕರೆಯಬೇಕೆಂದು ತಿರುಗಿದರೆ, ಹುಡುಗಿ ಆಗಲೇ ಬೆಂಚುಗಳ ನಡುವೆ ನಡೆದು ಬರುತ್ತಿದ್ದಳು. ನಕ್ಕ ಮಕ್ಕಳ ಕಡೆ ಅವಳು ನೋಡಲೂ ಇಲ್ಲ. ಲ್ಯಾಪ್‌ಟಾಪಿನ ಕ್ಯಾಮೆರಾ ಎದುರು ನಿಂತಳು. ಅವಳ ಮೇಲೆ ಬೆಳಕು ಬೀಳಲಿ ಎಂದು ನಾನು ಒಂದು ಕಿಟಕಿಯ ಜಮಖಾನ ಎಳೆದೆ.

ತಾಯಿಗೆ ಮಗಳು ಕಂಡದ್ದು ಗೋಡೆಯ ಮೇಲೆ ನಮಗೆಲ್ಲ ಕಂಡಿತು. ಆ ಮುಖವನ್ನು ಹೇಗೆ ಹೇಳಲಿ! ಅಂಗೈಯಿಂದ ಬಾಯಿ ಮುಚ್ಚಿಕೊಂಡರು. ಆಮೇಲೆ ಫೋನನ್ನು ಸೂಪರ್‌ವೈಸರ್ ಕೈಗೆ ಕೊಟ್ಟು, ಎರಡೂ ಕೈ ಬಿಡುವು ಮಾಡಿಕೊಂಡರು. ಐದು ಬೆರಳು ಕೂಡಿಸಿ ಬಾಯಿಯ ಹತ್ತಿರ ತಂದು ಹುಬ್ಬು ಏರಿಸಿದರು. ಉಂಡ್ಯಾ? ಅಷ್ಟು ನನಗೂ ತಿಳಿಯಿತು. ಮಗಳು ತಲೆ ಆಡಿಸಿದಳು. ಆಮೇಲೆ ಇಬ್ಬರ ಕೈಗಳೂ ಬೇಗ ಬೇಗ ಆಡತೊಡಗಿದವು. ಲೈನ್ ಮನೆಯಲ್ಲಿ ಬೆಳೆಯುವಾಗ ಕಲಿತದ್ದನ್ನು ಹುಡುಗಿ ಮರೆತಿರಲಿಲ್ಲ. ತುಟಿ ಓದುವಷ್ಟು ಚಿತ್ರ ಸ್ಪಷ್ಟವಿರಲಿಲ್ಲ. ಕೈ ಮಾತ್ರ, ನಿಂತು ನಿಂತು ಬಂದರೂ ಕಾಣುತ್ತಿತ್ತು.

ಹುಡುಗಿ ತನ್ನ ಕಿವಿ ಮುಟ್ಟಿ, ಅಂಗೈ ತೆರೆದು ತೋರಿಸಿದಳು.

ತಾಯಿ ಫೋನಿನ ಆಚೆಗೆ ನೋಡಿದರು. ಫೋನು ಹಿಡಿದ ಸೂಪರ್‌ವೈಸರ್ ಅಲ್ಲೇ ನಿಂತಿದ್ದರು. ಅವರಿಗೆ ತಿಳಿದರೆ ಕೆಲಸ ಹೋದೀತೆಂಬ ಅಳುಕಿತ್ತೇನೋ. ಆಮೇಲೆ ಎರಡೂ ಅಂಗೈಗಳನ್ನು ಕಿವಿಗಳ ಮೇಲಿಟ್ಟುಕೊಂಡು, ಇಲ್ಲ ಎನ್ನುವ ಹಾಗೆ ತಲೆ ಆಡಿಸಿದರು.

"ನಮ್ಗೂ ಗೊತ್ತಿಲ್ಲ ಮಿಸ್" ಎಂದು ಮಾವ ಮೆಲ್ಲಗೆ ಹೇಳಿದರು. "ಅಬ್ಬಕ್ಕೆ ಬಂದಾಗ ಎದುರ್ಗೇ ಕೂತು ಚೆನ್ನಾಗೇ ಮಾತಾಡ್ತಳಲ್ಲ..." ಮುಖ ನೋಡಿ ಮಾತನಾಡುವವರಿಗೆ ತುಟಿ ಓದುವುದು ಗಿರಣಿಯಲ್ಲಿ ತಾನಾಗಿಯೇ ಬಂದುಬಿಡುತ್ತದೆ. ಫೋನಿನಲ್ಲಿ ತುಟಿ ಇಲ್ಲ.

ಹುಡುಗಿ ಒಮ್ಮೆ ಮಾವನ ಕಡೆ ತಿರುಗಿ ನೋಡಿದಳು. ಹೆದರಿಕೆ ಇತ್ತು. ಆದರೂ ತಿರುಗಿ ಕ್ಯಾಮೆರಾ ಎದುರು ನಿಂತು ತನ್ನ ಎದೆ ಮುಟ್ಟಿಕೊಂಡಳು, ಎರಡು ಬೆರಳು ಉಜ್ಜಿದಳು, ತಾಯಿ ನಿಂತ ಜಾಗವನ್ನು ತೋರಿಸಿದಳು. ನಾನು ಅಲ್ಲಿಗೆ, ಮಿಲ್ಲಿಗೆ, ಬರಲಾ?

ಚಿತ್ರ ನಿಂತುಬಿಟ್ಟಿತು. ತಾಯಿಯ ಕೈ ಗಾಳಿಯಲ್ಲಿ ಅರ್ಧಕ್ಕೆ ಎದ್ದ ಹಾಗೇ ಗೋಡೆಯ ಮೇಲೆ ಉಳಿಯಿತು. ನಾನು ಟ್ಯಾಂಕಿನ ಕಡೆಗಿನ ಕಿಟಕಿಯಿಂದ, "ಫೋನ್ ಸ್ವಲ್ಪ ಮೇಲಕ್ಕೆ ಹಿಡಿಯಮ್ಮಾ!" ಎಂದು ಅಡುಗೆಯಮ್ಮನಿಗೆ ಕೂಗಿದೆ. ಆಕೆ ಕೋಲು ಬಿಸಾಕಿ, ಡಬ್ಬಿಯನ್ನು ತಲೆಯ ಮೇಲೆ ಎತ್ತಿ ಹಿಡಿದರು. ನಾವೆಲ್ಲ ಗೋಡೆ ನೋಡುತ್ತಿದ್ದೆವು. ಚಿತ್ರ ಜಿಗಿಯಿತು. ತಾಯಿ ಎರಡೂ ತೋಳುಗಳನ್ನು ಎದೆಯ ಮುಂದೆ ಅಡ್ಡಡ್ಡ ಹಾಕಿ, ಮುಷ್ಟಿ ಬಿಗಿದು ನಿಂತಿದ್ದರು. ಇಳಿಸಲೇ ಇಲ್ಲ.

"ಅದೇನು?" ಎಂದು ನಾನು ಮಾವನನ್ನು ಕೇಳಿದೆ.

ಅವರು ಕುರ್ಚಿಯಿಂದ ಎದ್ದಿದ್ದರು. ಎದ್ದದ್ದು ಅವರಿಗೇ ಗೊತ್ತಿತ್ತೋ ಇಲ್ಲವೋ. "ಮಿಷನ್ ನಿಲ್ಸು ಅಂತ ಮಿಸ್. ಯಾರ್ದಾದ್ರೂ ಕೈ ಸಿಕ್ಕಾಕಂಡ್ರೆ, ಬೆಂಕಿ ಗಿಂಕಿ ಆದ್ರೆ ಅಂಗ್ ತೋರ್ಸದು. ಯಾರೇ ತೋರ್ಸ್ಲಿ, ಕಂಡೋರು ತಕ್ಷಣ ನಿಲ್ಲಿಸ್ಬೇಕು. ಯಾಕೆ ಅಂತ ಕೇಳಂಗಿಲ್ಲ." ಆಮೇಲೆ ಸೋದರಸೊಸೆಯ ಪಕ್ಕಕ್ಕೆ ಹೋಗಿ ನಿಂತು, ಅಕ್ಕನಿಗೆ ಕಾಣುವ ಹಾಗೆ ಬಲಗೈ ಎತ್ತಿ, ಸ್ವಿಚ್ಚನ್ನು ಕೆಳಕ್ಕೆ ಒತ್ತುವ ಹಾಗೆ ಮಾಡಿ ತೋರಿಸಿದರು. ಆಗ ತಾಯಿ ತೋಳು ಇಳಿಸಿದರು.

"ಇವ್ಳು ಅಲ್ಲಿಗ್ ಓಗಲ್ಲ ಬುಡಿ ಮಿಸ್" ಎಂದರು ಮಾವ. ಅವರ ಮೇಲೆ ನನಗಿದ್ದ ಸಿಟ್ಟು ಎಲ್ಲಿ ಹೋಯಿತೋ. ಅವರೂ ಹುಡುಗಿಗೆ ಒಂದು ನೆಲೆಯಾಗಲಿ ಎಂದೇ ಯೋಚಿಸಿದವರು. ಅವರಿಗೆ ಗೊತ್ತಿದ್ದ ನೆಲೆ ಅದೊಂದೇ ಆಗಿತ್ತು.

ಆಮೇಲಿನದು ಬೇಗ ಹೇಳಬಹುದು. ಸೂಪರ್‌ವೈಸರ್ ಒಳ್ಳೆಯ ಮನುಷ್ಯ. ಆಕೆಯನ್ನು ಸದ್ದು ಕಡಿಮೆ ಇರುವ ಪ್ಯಾಕಿಂಗ್ ಕಡೆಗೆ ಹಾಕಿಸಿದರು. ಕಿವಿಗೆ ತುರುಕಿಕೊಳ್ಳುವ ಬಿರಡೆಗಳನ್ನು ಗಿರಣಿ ಹಿಂದೆಯೇ ಕೊಟ್ಟಿತ್ತಂತೆ. ಯಂತ್ರ ಕೆಟ್ಟ ಸದ್ದು ಮಾಡಿದರೆ ತಿಳಿಯುವುದಿಲ್ಲ ಎಂದು ಯಾರೂ ಹಾಕಿಕೊಳ್ಳುತ್ತಿರಲಿಲ್ಲವಂತೆ. ಆಕೆ ರಜೆ ಹಾಕಿ ಬಂದಾಗ ಮಾವನೇ ಕೊಳ್ಳೇಗಾಲದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಹೋದ ಕಿವಿ ಬರುವುದಿಲ್ಲ, ಮಷೀನು ಹಾಕಿಸಿದರೆ ಒಂದಿಷ್ಟು ಕೇಳಿಸಬಹುದು ಎಂದರಂತೆ ಡಾಕ್ಟರು.

ತಾಯಿ ಮತ್ತೆ ಗಿರಣಿಗೆ ಹೊರಟುಹೋದ ಮಾರನೆಯ ಬೆಳಿಗ್ಗೆ ನಾನು ಬಸ್ಸಿಳಿದು ಬರುತ್ತಿದ್ದಾಗ ಹುಡುಗಿ ಗೇಟಿನ ಬಳಿ ಕಾದಿದ್ದಳು. ನನ್ನ ಚೀಲ ಇಸಿದುಕೊಂಡು ಜೊತೆಗೆ ನಡೆದಳು.

"ಮಿಸ್, ನಮ್ಮವ್ವನ್ನ ಕೇಳ್ದೆ ಮಿಸ್. ಕೇಳ್ಸದೇ ಇದ್ರೆ ಕೇಳ್ಸಲ್ಲ ಅನ್ಬಾರ್ದಾ, ಊ ಅಂತ ಯಾಕಂತಿದ್ದೆ ಅಂತ."

"ಏನಂದ್ರು?"

"ಮಾತು ಏನೂಂತ ಗೊತ್ತಾಯ್ತಿರ್ಲಿಲ್ವಂತೆ. ನನ್ ದನಿ ಬತ್ತಾ ಅದೆ ಅಂತ ಮಾತ್ರ ಗೊತ್ತಾಯ್ತಿತ್ತಂತೆ." ಅವಳು ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡಳು. "ಕೇಳ್ಸಲ್ಲ ಅಂದ್ರೆ ನಾನು ಫೋನ್ ಇಟ್ಬುಡ್ತೀನಲ್ಲ ಮಿಸ್. ಊ ಅಂತಿದ್ರೆ ಇನ್ನೊಸಿ ಹೊತ್ತು ಮಾತಾಡ್ತಳೆ ಅಂತ ಊ ಅಂತಿದ್ಲಂತೆ."